ಹುಟ್ಟಾ ಸಸ್ಯಾಹಾರಿ, ಶುಗರ್ ಬಾರ್ಡರ್‌ನಲ್ಲಿ: ಕೋಲಾರದ ಮಂಡಿ ರೈಟರ್ ಒಬ್ಬರ ಪ್ರಕರಣ

"ನಮ್ಮನೇಲಿ ಮೊಟ್ಟೇನೂ ಬರಲ್ಲ ಮೇಡಂ. ಕುಡಿಯಲ್ಲ, ಸೇದಲ್ಲ. ನನಗ್ಯಾಕೆ ಶುಗರ್ ಬರ್ಬೇಕು?" ಕೋಲಾರದಲ್ಲಿ ಆಹಾರ ಸಲಹೆಗಾರಳಾಗಿ ಕೂತಾಗಿನಿಂದ ಈ ಪ್ರಶ್ನೆ ಕೇಳುತ್ತಲೇ ಬಂದಿದ್ದೇನೆ. ಕೇಳುವವರು ನೊಂದೇ ಕೇಳುತ್ತಾರೆ. ಸಸ್ಯಾಹಾರ ಹೃದಯಕ್ಕೆ ಒಳ್ಳೆಯದು, ಬಿಪಿಗೆ ಒಳ್ಳೆಯದು, ಸಕ್ಕರೆ ಕಾಯಿಲೆಯನ್ನು ದೂರ ಇಡುತ್ತದೆ ಎಂದು ಟಿವಿಯಲ್ಲಿ, ವಾಟ್ಸಾಪ್‌ನಲ್ಲಿ ದಿನವೂ ಬರುತ್ತದೆ. ಹುಟ್ಟಿನಿಂದ ಅದನ್ನೇ ಉಂಡವರ ರಿಪೋರ್ಟ್ ಕೈಗೆ ಬಂದಾಗ ಬೇರೆಯೇ ಕತೆ. ಆ ಪ್ರಶ್ನೆಗೆ ಉತ್ತರ ಪೂರ್ತಿಯಾಗಿ ಸಿಕ್ಕಿದ್ದು ಈ ಒಂದು ಮನೆಯಲ್ಲಿ, ಹಾಗಾಗಿ ವಿವರವಾಗಿ ಬರೆಯುತ್ತಿದ್ದೇನೆ. ಮನೆಯವರ ಒಪ್ಪಿಗೆ ಇದೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಅವರಿಗೆ 46 ವರ್ಷ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಮಂಡಿಯೊಂದರ ರೈಟರ್. ರೈತರು ತಂದ ಬಾಕ್ಸ್ ಎಣಿಸುವುದು, ಹರಾಜಿನ ರೇಟು ಬರೆಯುವುದು, ಪಟ್ಟಿ ಹಾಕಿ ದುಡ್ಡು ಕೊಡುವುದು ಕೆಲಸ. ಮಂಡಿಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ. ಮನೆಯಲ್ಲಿ ಇವರೂ ಸೇರಿ ನಾಲ್ಕು ಜನ: ಹೆಂಡತಿ, 72ರ ತಾಯಿ, ಪಿಯುಸಿ ಓದುವ ಮಗ. ತಂದೆಗೆ ಶುಗರ್ ಇತ್ತು, 61ಕ್ಕೆ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರು.

ಡಿಸೆಂಬರ್‌ನ ರಿಪೋರ್ಟು

ಎತ್ತರ 165 ಸೆಂ.ಮೀ., ತೂಕ 74 ಕೆ.ಜಿ. ಸೊಂಟದ ಸುತ್ತಳತೆ 98 ಸೆಂ.ಮೀ.; ನಮ್ಮ ದೇಶದ ಗಂಡಸರಿಗೆ 90 ದಾಟಬಾರದು. ಖಾಲಿ ಹೊಟ್ಟೆಯ ಶುಗರ್ 114. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ 6.2. ರಕ್ತದಲ್ಲಿನ ಕೊಬ್ಬು ಟ್ರೈಗ್ಲಿಸರೈಡ್ 236, ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ 34. ಬಿಪಿ 138/88. ಇದರ ಜೊತೆಗೆ ಒಂದು ದೂರು: ಒಂದಷ್ಟು ದಿನದಿಂದ ಪಾದ ಜುಮ್ಮೆನ್ನುತ್ತಿತ್ತು.

ಎಚ್‌ಬಿಎ1ಸಿ 5.7ರಿಂದ 6.4ರವರೆಗೆ ಇದ್ದರೆ ಮಧುಮೇಹದ ಹಿಂದಿನ ಹಂತ, 6.5 ಮುಟ್ಟಿದರೆ ಮಧುಮೇಹ. "ಬಾರ್ಡರ್ ಅಷ್ಟೇ" ಎಂದು ಯಾರೋ ಧೈರ್ಯ ಹೇಳಿ ಕಳಿಸಿದ್ದರು. ನನಗೆ ಆ ಧೈರ್ಯ ಇಷ್ಟವಾಗುವುದಿಲ್ಲ. ಚೆನ್ನೈನ ಡಾ. ಎ. ರಾಮಚಂದ್ರನ್ ಅವರ ತಂಡ ಈ ಅಂಚಿನಲ್ಲಿದ್ದ 531 ಭಾರತೀಯರನ್ನು ಸುಮಾರು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿತು. ಗ್ಲುಕೋಸ್ ಕುಡಿಸಿ ಪರೀಕ್ಷೆ ಮಾಡಿ ಆರಿಸಿಕೊಂಡವರು ಅವರು. ಮಾಮೂಲಿ ಸಲಹೆ ಕೊಟ್ಟು ಬಿಟ್ಟವರಲ್ಲಿ 55 ಶೇಕಡಾ ಜನ ಅಷ್ಟರೊಳಗೆ ಮಧುಮೇಹಿಗಳಾಗಿದ್ದರು. ಊಟ, ನಡಿಗೆ ಬದಲಿಸಿಕೊಂಡ ಗುಂಪಿನಲ್ಲಿ ಅದು 39.3. ಪೂರ್ತಿ ತಪ್ಪಿಸಿದ್ದಲ್ಲ, ಆದರೂ ನೂರಕ್ಕೆ ಹದಿನೈದು ಜನರನ್ನು ಬಚಾವ್ ಮಾಡಿದ ಹಾಗೆ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಎಂಬ ರಾಷ್ಟ್ರೀಯ ಮಧುಮೇಹ ಸಮೀಕ್ಷೆಯ ಲೆಕ್ಕದಲ್ಲಿ ದೇಶದಲ್ಲಿ ಈ ಅಂಚಿನಲ್ಲಿರುವವರು 13.6 ಕೋಟಿ. ಕಾಯಿಲೆಯೇ ಬಂದವರು 10.1 ಕೋಟಿ.

ಟ್ರೈಗ್ಲಿಸರೈಡ್ ಮೇಲೆ, ಎಚ್‌ಡಿಎಲ್ ಕೆಳಗೆ. ಈ ಜೋಡಿ ಕಂಡರೆ ನಾನು ಎಣ್ಣೆಗಿಂತ ಮೊದಲು ಅನ್ನ, ಸಕ್ಕರೆಯ ಲೆಕ್ಕ ಕೇಳುತ್ತೇನೆ. ಮೈ ಬಳಸಿಕೊಳ್ಳಲಾಗದಷ್ಟು ಪಿಷ್ಟ, ಸಕ್ಕರೆ ಒಳಗೆ ಹೋದಾಗ ಲಿವರ್ ಅದನ್ನು ಕೊಬ್ಬಾಗಿಸಿ ರಕ್ತಕ್ಕೆ ಬಿಡುತ್ತದೆ. ರಿಪೋರ್ಟಿನಲ್ಲಿ ಟ್ರೈಗ್ಲಿಸರೈಡ್ ಎಂದು ಕಾಣುವುದರಲ್ಲಿ ಅದೂ ಇರುತ್ತದೆ.

ದಿನಸಿ ಚೀಟಿ

ಏನೇನು ತಿನ್ನುತ್ತೀರಿ ಎಂದು ಕೇಳಿದರೆ ಜನ ಸುಳ್ಳು ಹೇಳುವುದಿಲ್ಲ, ಮರೆಯುತ್ತಾರೆ. ಹಾಗಾಗಿ ನಾನು ತಿಂಗಳ ದಿನಸಿ ಚೀಟಿ ತರಲು ಹೇಳುತ್ತೇನೆ. ಇವರ ಮನೆಯ ಚೀಟಿ ಇವರ ಕೈಬರಹದಲ್ಲೇ ಇತ್ತು, ಮಂಡಿಯ ಪಟ್ಟಿಯಷ್ಟೇ ಅಚ್ಚುಕಟ್ಟಾಗಿ. ಸೋನಾ ಮಸೂರಿ 25 ಕೆ.ಜಿ. ಚೀಲ ಒಂದು, ದೋಸೆ ಅಕ್ಕಿ 5 ಕೆ.ಜಿ., ತೊಗರಿಬೇಳೆ 2, ಉದ್ದಿನಬೇಳೆ 1, ಕಡ್ಲೆಬೇಳೆ ಅರ್ಧ, ಸಕ್ಕರೆ 5, ಎಣ್ಣೆ 5 ಲೀಟರ್, ರಾಗಿಹಿಟ್ಟು 2 ಕೆ.ಜಿ., ಮೈದಾ 1, ಹಪ್ಪಳ, ಬಿಸ್ಕತ್ತು, ಉಪ್ಪಿನಕಾಯಿ. ಕಾಳು ಎಂಬ ಬಾಬ್ತೇ ಇಲ್ಲ.

ಅವರ ಕೈಗೇ ಪೆನ್ನು ಕೊಟ್ಟು ನಾಲ್ಕು ಜನಕ್ಕೆ, ಮೂವತ್ತು ದಿನಕ್ಕೆ ಭಾಗಿಸಲು ಹೇಳಿದೆ. ಲೆಕ್ಕದ ಮನುಷ್ಯ, ಒಂದು ನಿಮಿಷ ಹಿಡಿಯಲಿಲ್ಲ. ತಲೆಗೆ ದಿನಕ್ಕೆ ಅಕ್ಕಿ 250 ಗ್ರಾಂ. ತಾಯಿ ಉಣ್ಣುವುದು ಕಡಿಮೆ, ಆದ್ದರಿಂದ ಇವರ ಪಾಲು 300ರ ಮೇಲೆ. ಬೇಳೆಯೆಲ್ಲ ಸೇರಿ 29 ಗ್ರಾಂ. ಸಕ್ಕರೆ 42 ಗ್ರಾಂ, ಎಣ್ಣೆ 42 ಮಿ.ಲೀ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿ 2000 ಕ್ಯಾಲರಿಯ ಊಟಕ್ಕೆ ಬೇಳೆಕಾಳು 85 ಗ್ರಾಂ, ಎಣ್ಣೆ-ತುಪ್ಪ 27 ಗ್ರಾಂ ಎನ್ನುತ್ತದೆ. ಬೇಳೆ ಬೇಕಾದದ್ದರ ಮೂರನೇ ಒಂದು ಪಾಲು, ಎಣ್ಣೆ ಹೆಚ್ಚು ಕಡಿಮೆ ಒಂದೂವರೆಯಷ್ಟು. ಚೀಟಿಯನ್ನು ತಮ್ಮ ಕಡೆಗೆ ಎಳೆದುಕೊಂಡು "29 ಗ್ರಾಂ ಅಂದ್ರೆ ಎಷ್ಟಾಗುತ್ತೆ?" ಎಂದು ಕೇಳಿದರು. ಒಂದು ಹಿಡಿಯೂ ತುಂಬುವುದಿಲ್ಲ ಎಂದೆ.

ಇದರ ಮೇಲೆ ಮಂಡಿಯ ಟೀ. ಬೆಳಗಿನಿಂದ ಸಂಜೆಗೆ ಐದು ಲೋಟ, ಲೋಟಕ್ಕೆ ಎರಡು ಚಮಚದಂತೆ ನಲವತ್ತು ಗ್ರಾಂ ಮೇಲೆ ಸಕ್ಕರೆ. ಹೊರಗಿನಿಂದ ಬೆರೆಸುವ ಸಕ್ಕರೆ ಒಟ್ಟು ಕ್ಯಾಲರಿಯ ಹತ್ತನೇ ಒಂದು ಭಾಗ ಮೀರಬಾರದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ, ಅಂದರೆ ಸುಮಾರು 50 ಗ್ರಾಂ. ಅದರ ಅರ್ಧಕ್ಕೆ ಇಳಿದರೆ ಇನ್ನೂ ಒಳ್ಳೆಯದು. ಇವರು ಮನೆಯದೂ ಮಂಡಿಯದೂ ಸೇರಿ 80ರ ಆಸುಪಾಸು. ಬೆಳಗ್ಗೆ ಹತ್ತಕ್ಕೆ ಹೋಟೆಲಿನ ಚಿತ್ರಾನ್ನವೋ ಸೆಟ್ ದೋಸೆಯೋ, ಸಂಜೆ ಮೆಣಸಿನಕಾಯಿ ಬಜ್ಜಿ. ಮನೆಯ ಸಾರು ತಿಳಿಸಾರು, ಪಲ್ಯ ತಟ್ಟೆಯ ಅಂಚಿಗೆ ಎರಡು ಚಮಚ. ಮುದ್ದೆ ಭಾನುವಾರಕ್ಕೆ ಮಾತ್ರ, ಅದೂ ತಾಯಿಗೋಸ್ಕರ.

ಅಕ್ಕಿ, ಸಕ್ಕರೆ, ಮೈದಾ, ಎಣ್ಣೆ: ಎಲ್ಲವೂ ಗಿಡದಿಂದಲೇ ಬಂದದ್ದು. ತಟ್ಟೆಯಲ್ಲಿ ಮಾಂಸ ಇಲ್ಲ ಎನ್ನುವುದರಿಂದ ಅಲ್ಲಿ ಏನಿದೆ ಎಂದು ಗೊತ್ತಾಗುವುದಿಲ್ಲ. ಹಾರ್ವರ್ಡ್‌ನ ಸಂಶೋಧಕರು ಅಮೆರಿಕದ ಸುಮಾರು ಎರಡು ಲಕ್ಷ ಆರೋಗ್ಯ ಸಿಬ್ಬಂದಿಯ ಊಟವನ್ನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಿಂಬಾಲಿಸಿ 2016ರಲ್ಲಿ ಇದನ್ನೇ ತೋರಿಸಿದರು. ಇಡೀ ಧಾನ್ಯ, ಕಾಳು, ತರಕಾರಿ, ಹಣ್ಣು, ಬೀಜಗಳ ಸಸ್ಯಾಹಾರ ಹೆಚ್ಚಾದಷ್ಟೂ ಮಧುಮೇಹದ ಅಪಾಯ ಇಳಿಯಿತು; ಎರಡು ತುದಿಗಳ ನಡುವೆ 34 ಶೇಕಡಾ ವ್ಯತ್ಯಾಸ. ಪಾಲಿಶ್ ಧಾನ್ಯ, ಸಿಹಿ ಪಾನೀಯ, ಸಿಹಿತಿಂಡಿಗಳ ಸಸ್ಯಾಹಾರ ಹೆಚ್ಚಾದವರಲ್ಲಿ ಅಪಾಯ 16 ಶೇಕಡಾ ಏರಿತು. ಅವರ ಊಟ ಬೇರೆ, ನಮ್ಮದು ಬೇರೆ, ಒಪ್ಪುತ್ತೇನೆ. ಆದರೆ ಮಂಡಿ ರೈಟರ್ ತಟ್ಟೆ ಆ ಎರಡನೇ ಗುಂಪಿಗೆ ಸೇರಿದ್ದರಲ್ಲಿ ನನಗೆ ಅನುಮಾನವಿಲ್ಲ.

ಪಾದದ ಜುಮ್ಮು ಶುಗರ್‌ನದ್ದೇ ಇರಬೇಕು ಎಂದು ಮನೆಯವರೆಲ್ಲ ನಂಬಿದ್ದರು. ಡಾಕ್ಟರ್ ವಿಟಮಿನ್ ಬಿ12 ಪರೀಕ್ಷೆ ಬರೆದುಕೊಟ್ಟರು: 142. ಇನ್ನೂರಕ್ಕಿಂತ ಕಡಿಮೆ ಅಂದರೆ ಕೊರತೆ. ಬಿ12 ಸೊಪ್ಪಿನಲ್ಲಿಲ್ಲ, ಕಾಳಿನಲ್ಲಿಲ್ಲ. ಸಸ್ಯಾಹಾರಿಗಳಿಗೆ ಅದು ಸಿಗುವುದು ಹಾಲು ಮೊಸರಿನಿಂದ, ಇವರು ಅದನ್ನು ನೀರು ಮಜ್ಜಿಗೆಯಾಗಿ ಮಾತ್ರ ನೋಡಿದ್ದರು. ಅಂಬಲಿ ಹುಳಿ ಬಂದರೆ ಬಿ12 ಬರುತ್ತದೆ ಎನ್ನುವ ಮಾತು ಊರಲ್ಲಿ ಓಡಾಡುತ್ತಿದೆ, ಅದನ್ನು ನಂಬಿ ಕೂರಬೇಡಿ. ಇವರಿಗೆ ಡಾಕ್ಟರ್ ಇಂಜೆಕ್ಷನ್, ಆಮೇಲೆ ಮಾತ್ರೆ ಕೊಟ್ಟರು. ಒಂದೆರಡು ತಿಂಗಳಲ್ಲಿ ಜುಮ್ಮು ಇಳಿಯಿತು. ಹಾಲನ್ನೂ ಪೂರ್ತಿ ಬಿಡುತ್ತೇನೆ ಎನ್ನುವವರು ಬಿ12 ಮಾತ್ರೆಯನ್ನು ಊಟದಷ್ಟೇ ಕಡ್ಡಾಯ ಎಂದುಕೊಳ್ಳಬೇಕು. ಈ ಮನೆಗೆ ನಾನು ಹಾಲು ಬಿಡಲು ಹೇಳಲಿಲ್ಲ, ದಿನಕ್ಕೆ ಒಂದು ಬಟ್ಟಲು ಗಟ್ಟಿ ಮೊಸರು ಸೇರಿಸಿದೆ.

ತಾಯಿಯ ಮಾತು

ಅಡುಗೆ ಬದಲಾಗಬೇಕಾದರೆ ಅಡುಗೆ ಮಾಡುವವರೂ ಮನೆಯ ಹಿರಿಯರೂ ಕೂರಬೇಕು. ಎರಡನೇ ಸಲ ಮೂವರೂ ಬಂದರು. ಅಕ್ಕಿ ಇಳಿಸೋಣ, ರಾತ್ರಿಗೆ ಮುದ್ದೆ ಮಾಡಿ ಎಂದೆ. ಹೆಂಡತಿ ತಲೆಯಾಡಿಸಿದರು. ತಾಯಿ ಮಾತ್ರ ಮುಖ ತಿರುಗಿಸಿಕೊಂಡರು.

"ನಮ್ ಕಾಲಕ್ಕೆ ಅನ್ನ ಅಂದ್ರೆ ಹಬ್ಬಕ್ಕೆ ಕಣಮ್ಮ. ಮಿಕ್ಕ ದಿನವೆಲ್ಲ ಮುದ್ದೆ, ಸೊಪ್ಪು, ಹುರುಳಿ. ನನ್ ಮಗ ಮೂರೊತ್ತೂ ಅನ್ನ ಉಣ್ಲಿ ಅಂತ ಕೂಲಿ ಮಾಡಿ ಓದ್ಸಿದ್ದು. ಈಗ ನೀನು ವಾಪಸ್ ಮುದ್ದೆ ಉಣ್ಣು ಅಂತೀಯಾ?"

ಇದಕ್ಕೆ ಪೋಷಕಾಂಶದ ಪಟ್ಟಿ ಹಿಡಿದು ಉತ್ತರ ಹೇಳುವುದು ಆಗದ ಮಾತು. ಬಿಳಿ ಅನ್ನ ಈ ಸೀಮೆಯಲ್ಲಿ ಬರೀ ಊಟವಲ್ಲ, ಕಷ್ಟ ಕಳೆಯಿತು ಎನ್ನುವುದರ ಗುರುತು. ಹಸಿದ ಮನೆಗೆ ಅಕ್ಕಿ ತಲುಪಿದ್ದು ದೊಡ್ಡ ವಿಷಯ, 2013ರಲ್ಲಿ ಶುರುವಾದ ಅನ್ನಭಾಗ್ಯದ ಬಗ್ಗೆಯೂ ನನಗೆ ಎರಡು ಮಾತಿಲ್ಲ. ನೋವಾಗುವುದು ಅಕ್ಕಿ ಒಳಗೆ ಬಂದಾಗ ಕಾಳೂ ಸೊಪ್ಪೂ ಹೊರಗೆ ಹೋದದ್ದಕ್ಕೆ. ಅಜ್ಜಿಗೆ ನಾನು ಇಷ್ಟೇ ಹೇಳಿದೆ: ಅನ್ನ ಬಿಡಿಸಲು ಬಂದಿಲ್ಲ, ಮಧ್ಯಾಹ್ನ ಉಣ್ಣಲಿ, ಅನ್ನದ ಜೊತೆ ನೀವು ಆಗ ಏನು ಬೇಯಿಸುತ್ತಿದ್ದಿರೋ ಅದನ್ನು ಸೊಸೆಗೆ ಹೇಳಿಕೊಡಿ.

ಆಮೇಲೆ ಅವರ ಮಾತು ನಿಲ್ಲಲಿಲ್ಲ. ಮಳೆ ಬಿದ್ದ ಹತ್ತು ಹದಿನೈದು ದಿನಕ್ಕೆ ರಾಗಿ ಹೊಲದ ಸಾಲಿನಲ್ಲಿ ಏಳುವ ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಗಣಿಕೆ, ಕೀರೆ, ಹೊನಗೊನ್ನೆ ಎಲ್ಲ ಒಟ್ಟಿಗೆ ಕಿತ್ತು ಮಡಿಲಿಗೆ ತುಂಬಿಕೊಂಡು ಬಂದರೆ ಅದೇ ಬೆರಕೆ ಸೊಪ್ಪು. ತೊಗರಿಯೋ ಹುರುಳಿಯೋ ಹಾಕಿ ಬೇಯಿಸಿ ಮಸೆದರೆ ಮಸ್ಸೊಪ್ಪು. ಬಸಿದರೆ ಬಸ್ಸಾರು. ಬಸ್ಸಾರನ್ನು ನಾನು ಎಲ್ಲರಿಗೂ ಹೇಳುತ್ತೇನೆ, ಯಾಕೆಂದರೆ ಒಂದೇ ಪಾತ್ರೆಯಲ್ಲಿ ಎರಡು ಅಡುಗೆ ಆಗುತ್ತದೆ: ಬೆಂದ ಕಾಳು-ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ, ಬಸಿದ ನೀರಿಗೆ ಖಾರ ರುಬ್ಬಿ ಹಾಕಿದರೆ ಸಾರು. ತಟ್ಟೆಗೆ ಪಲ್ಯ ತಾನಾಗಿಯೇ ಹೆಚ್ಚು ಬೀಳುತ್ತದೆ. ಈಗ ಹೊಲಗಳಿಗೆ ಕಳೆನಾಶಕ ಹೊಡೆಯುವುದರಿಂದ ಬೆರಕೆ ಸೊಪ್ಪು ಸಿಗುವುದೇ ಕಷ್ಟ. ಚರಂಡಿ ಪಕ್ಕ, ರಸ್ತೆ ಪಕ್ಕ ಬೆಳೆದದ್ದನ್ನು ಕೀಳಬೇಡಿ ಎಂದು ಅಜ್ಜಿಗೂ ಹೇಳಬೇಕಾಯಿತು. ದಂಟು, ಸಬ್ಬಸಿಗೆ, ಮೆಂತ್ಯ, ನುಗ್ಗೆ ಸೊಪ್ಪು ಮಾರ್ಕೆಟ್ಟಿನಲ್ಲಿ ಧಾರಾಳ. ಅಷ್ಟು ಸಾಕು.

ಬದಲಿಸಿದ್ದು

ಹೊಸ ಚೀಟಿ ಹೀಗಾಯಿತು: ಅಕ್ಕಿ ಎಲ್ಲ ಸೇರಿ 18 ಕೆ.ಜಿ., ರಾಗಿಹಿಟ್ಟು 8, ತೊಗರಿಬೇಳೆ 3, ಉದ್ದು-ಕಡ್ಲೆಬೇಳೆ ಹಳೆಯಷ್ಟೇ, ಹುರುಳಿ, ಅಲಸಂದೆ, ಕಡಲೆಕಾಳು, ಹೆಸರುಕಾಳು ಸೇರಿ 5. ಎಣ್ಣೆ ಮೂರೂವರೆ ಲೀಟರ್, ಸಕ್ಕರೆ 2, ಮೈದಾ ಇಲ್ಲ. ಬೇಳೆಕಾಳು ತಲೆಗೆ 29ರಿಂದ 79 ಗ್ರಾಂಗೆ ಏರಿತು. ದಿನಸಿ ಬಿಲ್ಲು ಸ್ವಲ್ಪ ಹೆಚ್ಚಾಯಿತು, ಹೋಟೆಲ್ ತಿಂಡಿ ನಿಂತದ್ದರಿಂದ ತೂಗಿಹೋಯಿತು.

ಡಿಸೆಂಬರ್‌ನಲ್ಲಿ ಶುರು ಮಾಡಿದ್ದು ನಮ್ಮ ಪುಣ್ಯ. ಅವರೆಕಾಯಿ ಕಾಲ. ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ ಕಡೆ ಸಂಕ್ರಾಂತಿ ಮುಗಿಯುವವರೆಗೆ ಅವರೆಕಾಳಿನ ಸಾರು, ಹಿತಕಿದ ಬೇಳೆ ಇಲ್ಲದ ಮನೆಯಿಲ್ಲ. ಕಾಳು ತಿನ್ನಿ ಎಂದು ಯಾರಿಗೂ ಬಲವಂತ ಮಾಡಬೇಕಾಗಲಿಲ್ಲ, ಮಗನಿಗೂ. ಅವರೆ ಮುಗಿದು ಹುರುಳಿ, ಕಡಲೆ ಬಂದಾಗ ತಕರಾರು ಎದ್ದಿತು: ಗ್ಯಾಸ್. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಮೆತ್ತಗೆ ಬೇಯಿಸಿ, ಇಂಗು-ಬೆಳ್ಳುಳ್ಳಿ ಹಾಕಿ ಕಡಿಮೆಯಿಂದ ಶುರು ಮಾಡಿದ ಮೇಲೆ ಮೂರು ವಾರದಲ್ಲಿ ಹೊಟ್ಟೆ ಒಗ್ಗಿತು. ಎಷ್ಟೋ ಜನ ಮೊದಲ ವಾರದ ಉಬ್ಬರಕ್ಕೇ ಕಾಳು ಬಿಟ್ಟುಬಿಡುತ್ತಾರೆ.

ರಾಗಿಯ ಬಗ್ಗೆ ಒಂದು ಮಾತು ಖಡಾಖಂಡಿತವಾಗಿ ಹೇಳಬೇಕು. ರಾಗಿ ಶುಗರ್‌ಗೆ ಮದ್ದಲ್ಲ. 100 ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ, ಸುಣ್ಣದ ಅಂಶ 350 ಮಿ.ಗ್ರಾಂ ಮೇಲೆ ಇದೆ. ಪಾಲಿಶ್ ಅಕ್ಕಿಯಲ್ಲಿ ನಾರು 3 ಗ್ರಾಂ ಕೂಡ ಇಲ್ಲ. ಈ ಗುಣಕ್ಕೆ ಅದು ತಟ್ಟೆಗೆ ಬೇಕು. ಆದರೆ ನುಣ್ಣಗೆ ಬೀಸಿದ ರಾಗಿಯೂ ಪಿಷ್ಟವೇ, ಎರಡು ದೊಡ್ಡ ಮುದ್ದೆ ನುಂಗಿದರೆ ಶುಗರ್ ಏರಿಯೇ ಏರುತ್ತದೆ. ಬೆಲ್ಲ ಹಾಕಿದ ರಾಗಿ ಮಾಲ್ಟ್ ಇನ್ನೂ ಬೇಗ ಏರಿಸುತ್ತದೆ. ಇವರಿಗೆ ರಾತ್ರಿ ಕಿತ್ತಳೆ ಗಾತ್ರದ ಒಂದೇ ಮುದ್ದೆ, ಅದಕ್ಕೆ ಎರಡು ಸೌಟು ಗಟ್ಟಿ ಸಾರು, ಮುದ್ದೆ ಮುರಿಯುವ ಮೊದಲು ಒಂದು ಬಟ್ಟಲು ಪಲ್ಯ. ಮೊದಲು ಪಲ್ಯ ಹೋದರೆ ಅದರ ನಾರು ಹಿಂದೆ ಬರುವ ಪಿಷ್ಟವನ್ನು ನಿಧಾನವಾಗಿ ಇಳಿಸುತ್ತದೆ.

ಟೀ ಬಿಡಿಸುವುದು ಎಲ್ಲಕ್ಕಿಂತ ಕಷ್ಟವಾಯಿತು. ಮಂಡಿಗೆ ರೈತ ಬಂದರೆ ಟೀ, ಖರೀದಿದಾರ ಬಂದರೆ ಟೀ, ರೇಟು ಕುದುರದೆ ಮಾತು ಬಿಗಿಯಾದರೂ ಟೀ. ಬೇಡ ಎಂದರೆ ಎದುರಿನವರ ಮರ್ಯಾದೆಗೆ ಬಂತು. ಟೀ ಹುಡುಗನಿಗೇ ಹೇಳಿಟ್ಟರು: ನನಗೆ ಯಾವಾಗಲೂ ಸಕ್ಕರೆಯಿಲ್ಲದ ಅರ್ಧ ಲೋಟ. ಮೊದಲ ವಾರ ಬಾಯಿಗೆ ಸೇರಲಿಲ್ಲ, ಆಮೇಲೆ ಸಕ್ಕರೆ ಟೀಯೇ ಗಂಟಲಿಗೆ ಅಂಟುತ್ತದೆ ಎನ್ನುವ ಹಾಗಾಯಿತು. ಹತ್ತು ಗಂಟೆಗೆ ಮನೆಯಿಂದ ಡಬ್ಬಿ: ತರಕಾರಿ ಹಾಕಿದ ಹೆಸರುಬೇಳೆ ದೋಸೆ, ಇಲ್ಲವೇ ಕಾಳಿನ ಉಸಲಿ. ಸಂಜೆಗೆ ಬಜ್ಜಿಯ ಬದಲು ಬೇಯಿಸಿದ ಕಡಲೆಕಾಯಿ, ಸೀಬೆಹಣ್ಣು. ದಿನಕ್ಕೆ ಅರ್ಧ ಗಂಟೆ ನಡಿಗೆ, ಭಾನುವಾರ ಮಗನ ಜೊತೆ ಅಂತರಗಂಗೆ ಮೆಟ್ಟಿಲು.

ಮಾರ್ಚ್‌ನಿಂದ ಸೆಪ್ಟೆಂಬರ್‌ವರೆಗೆ

ಮಾರ್ಚ್‌ನಲ್ಲಿ ತೂಕ 71 ಕೆ.ಜಿ., ಎಚ್‌ಬಿಎ1ಸಿ 5.9. ಟ್ರೈಗ್ಲಿಸರೈಡ್ 164ಕ್ಕೆ ಇಳಿದಿತ್ತು, ನಾನು ನಿರೀಕ್ಷಿಸಿದ್ದಕ್ಕಿಂತ ಹೆಚ್ಚು. ಸಕ್ಕರೆ ಕಡಿಮೆಯಾದರೆ ಮೊದಲು ಕಾಣುವುದು ಅಲ್ಲೇ. ಊಟದಿಂದಲೇ ಎಲ್ಲ ಆಯಿತು ಎಂದು ನಾನು ಹೇಳುವುದಿಲ್ಲ. ನಡಿಗೆಯ ಪಾಲು, ಮೂರು ಕಿಲೋ ಇಳಿದದ್ದರ ಪಾಲು ಅದರಲ್ಲಿದೆ, ಬೇರ್ಪಡಿಸಿ ನೋಡಲು ಒಬ್ಬರ ಪ್ರಕರಣದಲ್ಲಿ ಸಾಧ್ಯವಿಲ್ಲ.

ಮೇ ತಿಂಗಳು ಮಾವಿನದು. ಶ್ರೀನಿವಾಸಪುರದ ನೆಂಟರು ಬಾದಾಮಿ, ರಸಪುರಿ ಬುಟ್ಟಿಗಟ್ಟಲೆ ಕಳಿಸುತ್ತಾರೆ. ಮಾವು ನಿಷೇಧ ಎಂದಿದ್ದರೆ ಇಡೀ ಯೋಜನೆಯೇ ಬಿದ್ದುಹೋಗುತ್ತಿತ್ತು. ದಿನಕ್ಕೆ ಅರ್ಧ ಹಣ್ಣು, ಊಟದ ಮೇಲಲ್ಲ, ಸಂಜೆಯ ತಿಂಡಿಯ ಜಾಗದಲ್ಲಿ. ಸೀಕರಣೆ, ಜ್ಯೂಸ್ ಬೇಡ ಎಂದೆ. ಹೆಚ್ಚು ಕಡಿಮೆ ಪಾಲಿಸಿದರು. ಜೂನ್‌ನಲ್ಲಿ ಎಚ್‌ಬಿಎ1ಸಿ 5.8, ತೂಕ 70.

ಆಮೇಲೆ ಟೊಮೆಟೊ ಸೀಸನ್. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಮಂಡಿಯಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಬೆಳಗಿನ ಜಾವದಿಂದ ಗಾಡಿಗಳು, ಹರಾಜು, ರಾತ್ರಿಯವರೆಗೆ ಉತ್ತರದ ಊರುಗಳಿಗೆ ಲೋಡಿಂಗ್. ಡಬ್ಬಿ ಮುಚ್ಚಿದಂತೆಯೇ ಮನೆಗೆ ವಾಪಸ್ ಬರತೊಡಗಿತು. ಸಿಕ್ಕಿದ್ದು ತಿಂದರು, ನಿದ್ದೆ ನಾಲ್ಕೈದು ಗಂಟೆ, ನಡಿಗೆ ನಿಂತಿತು. ಸೆಪ್ಟೆಂಬರ್‌ನಲ್ಲಿ ಎಚ್‌ಬಿಎ1ಸಿ 6.0, ತೂಕ 71.5. ಕಣ್ಣು ತಗ್ಗಿಸಿಕೊಂಡು ಬಂದು ಕೂತರು. ನನಗೆ ಅದರಲ್ಲಿ ಸೋಲು ಕಾಣಲಿಲ್ಲ. ವರ್ಷದ ಅತಿ ಕೆಟ್ಟ ಮೂರು ತಿಂಗಳಲ್ಲೂ 6.2ಕ್ಕೆ ಹೋಗಿಲ್ಲ, ಯಾಕೆಂದರೆ ರಾತ್ರಿಯ ಊಟ ಮನೆಯಲ್ಲೇ ನಡೆದಿತ್ತು, ಟೀಗೆ ಸಕ್ಕರೆ ವಾಪಸ್ ಬಂದಿರಲಿಲ್ಲ. ಮುಂದಿನ ಸೀಸನ್‌ಗೆ ಡಬ್ಬಿ ನಡೆಯುವುದಿಲ್ಲ ಎಂದು ಒಪ್ಪಿಕೊಂಡೆವು. ನಿಂತುಕೊಂಡೇ ತಿನ್ನಬಹುದಾದದ್ದು ಜೇಬಿನಲ್ಲಿ, ಗಲ್ಲಾಪೆಟ್ಟಿಗೆ ಪಕ್ಕದಲ್ಲಿ ಇರಬೇಕು: ಹುರಿಗಡಲೆ, ಕಡಲೆಬೀಜ, ಬಾಳೆಹಣ್ಣು.

ಇದನ್ನು ಓದಿ ನಾಳೆಯಿಂದಲೇ ಹೀಗೆ ಮಾಡುತ್ತೇನೆ ಎನ್ನುವವರಿಗೆ ಎರಡು ಎಚ್ಚರಿಕೆ. ಈಗಾಗಲೇ ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಅನ್ನವನ್ನು ಏಕಾಏಕಿ ಇಳಿಸಿದರೆ ಶುಗರ್ ತೀರಾ ಕೆಳಗೆ ಬೀಳಬಹುದು, ಡಾಕ್ಟರಿಗೆ ಹೇಳಿ ಮಾಡಿ. ಕಿಡ್ನಿ ತೊಂದರೆ ಇರುವವರಿಗೆ ಸೊಪ್ಪು-ಕಾಳಿನ ಪೊಟ್ಯಾಸಿಯಂ ಹೆಚ್ಚಾಗಬಹುದು, ಅವರ ಲೆಕ್ಕವೇ ಬೇರೆ.

ಇವರ ವಿಷಯದಲ್ಲಿ ಇನ್ನೂ ಬಗೆಹರಿಯದೆ ಉಳಿದಿರುವುದು ಬಿಪಿ. ಸೆಪ್ಟೆಂಬರ್‌ನಲ್ಲಿ 134/86 ಇತ್ತು, ಒಂಬತ್ತು ತಿಂಗಳಿಗೆ ಇಳಿದದ್ದು ಅಷ್ಟೇ. ದಿನಕ್ಕೆ ಉಪ್ಪು 5 ಗ್ರಾಂ ಒಳಗಿರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪಿನಕಾಯಿ, ಹಪ್ಪಳ ಚೀಟಿಯಲ್ಲಿ ಇವತ್ತಿಗೂ ಇವೆ, ಮೊಸರನ್ನಕ್ಕೆ ಉಪ್ಪಿನಕಾಯಿ ಬಿಡುವುದಕ್ಕೆ ಮಾತ್ರ ಅವರು ಒಪ್ಪಿಲ್ಲ. ದಿನಕ್ಕೆ ಒಂದು ಹೋಳು, ಹಪ್ಪಳ ಹಬ್ಬಕ್ಕೆ ಮಾತ್ರ ಎಂಬಲ್ಲಿಗೆ ಬಂದು ನಿಂತಿದ್ದೇವೆ. ಸಂಕ್ರಾಂತಿ ಹೊತ್ತಿಗೂ ಬಿಪಿ ಹೀಗೇ ಇದ್ದರೆ ಮಾತ್ರೆ ಶುರು ಮಾಡೋಣ ಎಂದಿದ್ದಾರೆ ಡಾಕ್ಟರ್. ತಂದೆಯ ಕತೆ ಗೊತ್ತಿರುವುದರಿಂದ, ಮಾತ್ರೆ ಬರೆದರೆ ತಪ್ಪದೆ ತೆಗೆದುಕೊಳ್ಳಬೇಕು ಎಂದು ನಾನೂ ಹೇಳಿದ್ದೇನೆ. ಆ ಸಲ ಮಗನ ಶುಗರ್, ಕೊಲೆಸ್ಟ್ರಾಲನ್ನೂ ಒಟ್ಟಿಗೇ ನೋಡಿಸುವುದಾಗಿ ಹೆಂಡತಿ ಬರೆದಿಟ್ಟುಕೊಂಡಿದ್ದಾರೆ.